ಕೂಗಳತೆಯಲ್ಲಿ ನೆರೆಮನೆ ಇರಬೇಕು

ಪೆಸಿಫಿಕ್ ಸಾಗರದಲ್ಲಿ, ತಹೀತಿಯಿಂದ ಪೂರ್ವಕ್ಕೆ ಸಾವಿರ ಕಿಲೋಮೀಟರಿಗೂ ಆಚೆ, ತಟಕೊಟೊ ಎಂಬ ಹವಳದ್ವೀಪವಿದೆ. ಸುತ್ತ ತೆಂಗು ಬೆಳೆದ ಕಿರಿದಾದ ನೆಲ, ನಡುವೆ ಸುಮಾರು ಹನ್ನೆರಡು ಚದರ ಕಿಲೋಮೀಟರಿನ ಆಳವಿಲ್ಲದ ಲಗೂನು. ದೋಣಿ ಒಳಗೆ ನುಗ್ಗುವಷ್ಟು ಅಗಲದ ಬಾಯಿಯೂ ಈ ಲಗೂನಿಗಿಲ್ಲ. ಅಲೆ ಎದ್ದಾಗ ಸುತ್ತಲ ಹವಳದ ದಿಬ್ಬದ ಮೇಲಿನಿಂದ ಹಾರಿ ಬಂದ ನೀರೇ ಒಳಗಿನ ನೀರನ್ನು ಹೊಸದು ಮಾಡಬೇಕು. ಈ ಶತಮಾನದ ಮೊದಲ ವರ್ಷಗಳಲ್ಲಿ ಫ್ರೆಂಚ್ ಸಂಶೋಧಕರು ಅಲ್ಲಿಯ ದೈತ್ಯ ಕಪ್ಪೆಚಿಪ್ಪುಗಳನ್ನು ಎಣಿಸಲು ಕೂತರು. ಒಂದೊಂದಾಗಿ ಎಣಿಸಿ ಮುಗಿಯುವ ಲೆಕ್ಕವಲ್ಲ ಅದು. ಉಪಗ್ರಹ ಚಿತ್ರ ಹಿಡಿದು, ನೀರಿಗಿಳಿದು ಅಲ್ಲಲ್ಲಿ ಚೌಕಟ್ಟು ಇಟ್ಟು ಎಣಿಸಿ ತೆಗೆದ ಅಂದಾಜು ಎಂಟು ಕೋಟಿಯನ್ನು ದಾಟಿತು. ಕೆಲವು ಕಡೆ ಒಂದು ಚದರ ಮೀಟರಿನೊಳಗೆ ಇನ್ನೂರಕ್ಕೂ ಹೆಚ್ಚು ಚಿಪ್ಪುಗಳು ಒಂದರ ಮೈಮೇಲೆ ಒಂದು ಬೆಳೆದಿದ್ದವು. ಸತ್ತವುಗಳ ಚಿಪ್ಪು ರಾಶಿ ಬಿದ್ದು, ಆ ರಾಶಿಯೇ ನೀರಿನಿಂದ ಮೇಲೆದ್ದು ಪುಟ್ಟ ದಿನ್ನೆಗಳಾಗಿದ್ದವು.

ಈ ಜಾತಿಯ ಶಾಸ್ತ್ರೀಯ ಹೆಸರು ಟ್ರಿಡಾಕ್ನಾ ಮ್ಯಾಕ್ಸಿಮಾ. ದೈತ್ಯ ಕಪ್ಪೆಚಿಪ್ಪುಗಳ ಕುಲದಲ್ಲಿ ಹತ್ತು ಹನ್ನೆರಡು ಜಾತಿಗಳಿವೆ. ಅವುಗಳಲ್ಲಿ ನಿಜವಾದ ದೈತ್ಯ ಟ್ರಿಡಾಕ್ನಾ ಗೈಗಾಸ್. ಒಂದೂಕಾಲು ಮೀಟರಿಗೂ ಮೀರಿದ ಉದ್ದ, ಇನ್ನೂರು ಕಿಲೋಗೂ ಮಿಕ್ಕಿದ ತೂಕ. ಮ್ಯಾಕ್ಸಿಮಾ ಅದರ ಎದುರು ಗೇಣುದ್ದದ ತಮ್ಮ. ಆದರೆ ಊರೂರು ಸುತ್ತಿದ ಜಾತಿ ಇದೇ. ಆಫ್ರಿಕಾದ ಪೂರ್ವ ಕರಾವಳಿಯಿಂದ ಹಿಡಿದು ಪೆಸಿಫಿಕ್‌ನ ನಡುವಿನವರೆಗೂ ಇದೆ, ನಮ್ಮ ಲಕ್ಷದ್ವೀಪದಲ್ಲೂ ಇದೆ. ಲಕ್ಷದ್ವೀಪ ಕನ್ನಡಿಗರಿಗೆ ಹೊರಗಿನದೇನಲ್ಲ. ಅಮಿನಿ, ಕಡಮತ್, ಕಿಲ್ತಾನ್, ಚೆತ್ಲಾತ್, ಬಿತ್ರಾ ಸೇರಿದ ಅಮಿನ್‌ದಿವಿ ದ್ವೀಪಗಳು 1956ರ ನವೆಂಬರ್ ಒಂದರವರೆಗೆ ದಕ್ಷಿಣ ಕನ್ನಡ ಜಿಲ್ಲೆಯ ಲೆಕ್ಕದಲ್ಲಿದ್ದವು. ಅಲ್ಲಿಯ ತೆಂಗಿನ ನಾರು, ಕೊಬ್ಬರಿ ಮಂಗಳೂರಿನ ಬಂದರಿಗೆ ಬಂದು ಅಕ್ಕಿಯಾಗಿ ಹಿಂದಿರುಗುತ್ತಿತ್ತು.

ಈ ಪ್ರಾಣಿಯ ಬಗ್ಗೆ ಬರೆಯುವವರು ಸಾಮಾನ್ಯವಾಗಿ ಗಾತ್ರದಲ್ಲೇ ಸಿಕ್ಕಿಬೀಳುತ್ತಾರೆ. ಮುಳುಗುಗಾರನ ಕಾಲು ಕಚ್ಚಿ ಹಿಡಿದು ಸಾಯಿಸಿತು ಎಂಬ ಕಥೆಗಳು ಹಳೆಯ ಸಿನಿಮಾಗಳಿಂದ ಬಂದು ಇನ್ನೂ ಹೋಗಿಲ್ಲ. ದೃಢಪಟ್ಟ ಒಂದು ಸಾವೂ ಇಲ್ಲ. ದೊಡ್ಡ ಚಿಪ್ಪು ಮುಚ್ಚಿಕೊಳ್ಳುವುದೇ ನಿಧಾನ, ಪೂರ್ತಿ ಮುಚ್ಚುವುದು ಅದರಿಂದ ಆಗುವುದೂ ಇಲ್ಲ. ಪ್ಯಾರಿಸಿನ ಸೇಂಟ್ ಸುಲ್ಪೀಸ್ ಚರ್ಚಿನಲ್ಲಿ ಎರಡು ಗೈಗಾಸ್ ಚಿಪ್ಪುಗಳು ತೀರ್ಥದ ಬಟ್ಟಲಾಗಿ ಕೂತಿವೆ ಎಂಬುದೂ ಗಾತ್ರದ್ದೇ ಮಹಿಮೆ. ನನ್ನ ಮಟ್ಟಿಗೆ ಈ ಪ್ರಾಣಿಯ ವಿಷಯದಲ್ಲಿ ಕೇಳಬೇಕಾದ ಪ್ರಶ್ನೆ ಬೇರೆ: ಒಂದಕ್ಕೂ ಇನ್ನೊಂದಕ್ಕೂ ನಡುವೆ ಎಷ್ಟು ದೂರ?

ಅದಕ್ಕೆ ಮೊದಲು ಬೆಳೆಯುವ ಬಗೆ.

ಹವಳದ ಕಲ್ಲಿನಲ್ಲಿ ಅರ್ಧ ಹುದುಗಿ, ಬುಡದಿಂದ ಹೊರಟ ಗಟ್ಟಿ ಎಳೆಗಳಿಂದ ಕಲ್ಲನ್ನು ಬಿಗಿದುಕೊಂಡು ಮ್ಯಾಕ್ಸಿಮಾ ಬಾಯಿ ಮೇಲೆ ಮಾಡಿ ಕೂತಿರುತ್ತದೆ. ಎರಡು ಚಿಪ್ಪಿನ ಅಲೆಅಲೆಯಾದ ಅಂಚಿನಿಂದ ದಪ್ಪ ತುಟಿಯಂತೆ ಮಾಂಸದ ಹೊದಿಕೆ ಹೊರಚಾಚಿದೆ. ಕೆಲವದರಲ್ಲಿ ಅದು ಮಿಂಚುವ ನೀಲಿ, ಕೆಲವದರಲ್ಲಿ ಹಸಿರು, ಕಂದು, ನೇರಳೆಯ ಮೇಲೆ ಚುಕ್ಕೆ. ಪಕ್ಕಪಕ್ಕದ ಎರಡರ ಬಣ್ಣ ಒಂದೇ ಆಗಿರಬೇಕೆಂದಿಲ್ಲ. ಹೊದಿಕೆಯ ಅಂಚಿನುದ್ದಕ್ಕೂ ಸೂಜಿಮೊನೆಯಷ್ಟು ಕಪ್ಪು ಚುಕ್ಕೆಗಳ ಸಾಲು. ಅವು ಕಣ್ಣುಗಳು, ನೂರಾರು. ಮಸೂರ ಇಲ್ಲದ ಬರೀ ರಂಧ್ರಗಣ್ಣು. ರೂಪ ಕಾಣಿಸದು, ನೆರಳು ಕಾಣಿಸುತ್ತದೆ. ಮೀನೊಂದು ಮೇಲಿಂದ ಹಾದರೆ ಸಾಕು, ಹೊದಿಕೆ ಸರಕ್ಕನೆ ಒಳಸರಿಯುತ್ತದೆ, ಚಿಪ್ಪು ಅರ್ಧ ಮುಚ್ಚುತ್ತದೆ. ಸ್ವಲ್ಪ ಹೊತ್ತಿನ ಮೇಲೆ ಮತ್ತೆ ಅಂಚು ಅಂಚಾಗಿ ಹೊರಬರುತ್ತದೆ. ಹೆಚ್ಚು ಹೊತ್ತು ಮುಚ್ಚಿಕೊಂಡಿರುವುದು ಅದಕ್ಕೆ ಕಟ್ಟುವುದಿಲ್ಲ, ಏಕೆಂದರೆ ಬಿಸಿಲೇ ಅದರ ಊಟ.

ನಮ್ಮ ಅಘನಾಶಿನಿಯ ಬಳಚು, ಮಂಗಳೂರಿನ ಅಳಿವೆಯ ಮರುವಾಯಿ ಎಲ್ಲವೂ ನೀರು ಸೋಸಿ, ಅದರಲ್ಲಿರುವ ಕಣ ತಿಂದು ಬದುಕುವಂಥವು. ದೈತ್ಯ ಕಪ್ಪೆಚಿಪ್ಪೂ ನೀರು ಸೋಸುತ್ತದೆ. ಆದರೆ ಹವಳದ್ವೀಪದ ಸುತ್ತಲ ನೀರು ಕನ್ನಡಿಯಷ್ಟು ತಿಳಿ, ಅಂದರೆ ತಿನ್ನಲು ಅದರಲ್ಲಿ ಬಹಳವೇನೂ ಇಲ್ಲ. ಹಾಗಾಗಿ ಇದು ಹೊದಿಕೆಯೊಳಗೆ ಒಂದೇ ಕೋಶದ ಪಾಚಿಯನ್ನು ಕೋಟಿಗಟ್ಟಲೆ ಸಾಕಿಕೊಂಡಿದೆ. ಪಾಚಿ ಬಿಸಿಲಿನಲ್ಲಿ ಸಕ್ಕರೆ ತಯಾರಿಸಿ ಅದರಲ್ಲಿ ಬಹುಪಾಲನ್ನು ಮನೆಯೊಡೆಯನಿಗೆ ಬಿಟ್ಟುಕೊಡುತ್ತದೆ. ಮನೆಯೊಡೆಯ ಹೊರಹಾಕುವ ಅಮೋನಿಯಾ ಪಾಚಿಗೆ ಗೊಬ್ಬರ. 1928-29ರಲ್ಲಿ ಆಸ್ಟ್ರೇಲಿಯಾದ ಗ್ರೇಟ್ ಬ್ಯಾರಿಯರ್ ರೀಫ್‌ನ ಲೋ ಐಲ್ಸ್‌ನಲ್ಲಿ ಬ್ರಿಟಿಷ್ ತಂಡವೊಂದು ಒಂದು ವರ್ಷ ಬೀಡುಬಿಟ್ಟಿತ್ತು. ತಂಡದ ನಾಯಕ ಸಿ.ಎಂ. ಯಂಗ್ ಈ ಸಾಕಣೆಯನ್ನು ವಿವರವಾಗಿ ಬರೆದರು. ಪಾಚಿ ಇರುವುದು ಮಾಂಸದ ಕೋಶಗಳೊಳಗಲ್ಲ, ಹೊಟ್ಟೆಯಿಂದ ಕವಲೊಡೆದು ಹೊದಿಕೆಯವರೆಗೆ ಹರಡಿದ ಸಣ್ಣ ಕೊಳವೆಗಳ ಜಾಲದೊಳಗೆ ಎಂಬುದು 1992ರಲ್ಲಿ ಖಚಿತವಾಯಿತು.

ಮಿಂಚುವ ನೀಲಿಯ ಕಾರಣವೂ ಇಲ್ಲೇ ಇದೆ. ಹೊದಿಕೆಯ ಮೇಲ್ಪದರದಲ್ಲಿ ಬೆಳಕನ್ನು ಚೆದುರಿಸುವ ವಿಶೇಷ ಕೋಶಗಳಿವೆ. ಪಲಾವ್ ದ್ವೀಪಗಳ ಚಿಪ್ಪುಗಳನ್ನು ಅಭ್ಯಾಸ ಮಾಡಿದ ಆ್ಯಲಿಸನ್ ಸ್ವೀನಿ ಅವರ ತಂಡ 2014ರಲ್ಲಿ ತೋರಿಸಿದ್ದು ಇದು: ಈ ಕೋಶಗಳು ಪಾಚಿಗೆ ಬೇಕಾದ ಬಣ್ಣದ ಬೆಳಕನ್ನು ಒಳಕ್ಕೆ, ಅಡ್ಡಕ್ಕೆ ಹರಡುತ್ತವೆ, ಬೇಡವಾದದ್ದನ್ನು ಹಿಂದಕ್ಕೆ ತಳ್ಳುತ್ತವೆ. ಪಾಚಿ ಕೋಶಗಳು ಅಡಿಯಲ್ಲಿ ಕಂಬಗಳಂತೆ ಮೇಲಿಂದ ಕೆಳಕ್ಕೆ ಪೇರಿಸಿಕೊಂಡಿರುವುದರಿಂದ ಉಷ್ಣವಲಯದ ಉರಿಬಿಸಿಲೂ ಮೇಲಿನ ಒಂದು ಪದರವನ್ನು ಸುಡದೆ ಎಲ್ಲಕ್ಕೂ ಪಾಲಾಗಿ ಹಂಚಿಹೋಗುತ್ತದೆ. ನಾವು ಕಣ್ತುಂಬಿಕೊಳ್ಳುವ ಬಣ್ಣ ಅದರ ಪಾಲಿಗೆ ಬಳಸಿ ಎಸೆದ ಬೆಳಕು.

ಇಷ್ಟೆಲ್ಲ ಇದ್ದೂ ಬೆಳವಣಿಗೆ ಜಾತಿಯಿಂದ ಜಾತಿಗೆ ತೀರ ಬೇರೆ. ಗೈಗಾಸ್ ಎಳವೆಯಲ್ಲಿ ವರ್ಷಕ್ಕೆ ಎಂಟು ಹತ್ತು ಸೆಂಟಿಮೀಟರ್ ಉದ್ದವಾಗಬಲ್ಲದು. ಮ್ಯಾಕ್ಸಿಮಾಗೆ ಆ ಓಟವಿಲ್ಲ. ಮರಿಗಳಿಗೆ ಸೋಸಿದ ಆಹಾರವೇ ಮುಖ್ಯ, ಮೈ ಬೆಳೆದಂತೆ ಬಿಸಿಲಿನ ಪಾಲು ಹೆಚ್ಚುತ್ತದೆ. ಗೈಗಾಸ್‌ನ ಮೇಲೆ ನಡೆದ ಅಳತೆಯಲ್ಲಿ ಪುಟ್ಟ ಮರಿಗೆ ಬೇಕಾದ ಇಂಗಾಲದ ಮೂರನೇ ಎರಡರಷ್ಟು ಸೋಸುವಿಕೆಯಿಂದ ಬಂದರೆ, ಮಾಂಸ ಹತ್ತು ಗ್ರಾಂ ತುಂಬುವ ಹೊತ್ತಿಗೆ ಅದು ಮೂರನೇ ಒಂದಕ್ಕೆ ಇಳಿದಿತ್ತು. ಕೆಸರಾದ, ಆಳದ ನೀರಿನಲ್ಲಿ ಈ ಪ್ರಾಣಿ ಸೊರಗುವುದು ಇದಕ್ಕೇ.

ಬೆಳೆದದ್ದರ ಲೆಕ್ಕ ಚಿಪ್ಪಿನೊಳಗೇ ಇದೆ. ಚಿಪ್ಪನ್ನು ಸೀಳಿ ನುಣುಪು ಮಾಡಿ ಸೂಕ್ಷ್ಮದರ್ಶಕದ ಕೆಳಗಿಟ್ಟರೆ ವರ್ಷದ ಪಟ್ಟೆಗಳು, ಪಟ್ಟೆಯೊಳಗೆ ದಿನದ ಗೆರೆಗಳು. ಜಪಾನಿನ ಇಷಿಗಾಕಿ ದ್ವೀಪದಲ್ಲಿ ಸಾಕಿದ ಒಂದು ಚಿಪ್ಪನ್ನು ಯೂಜಿ ಸಾನೊ ಮತ್ತು ಜೊತೆಗಾರರು ಮೈಕ್ರಾನ್ ಲೆಕ್ಕದಲ್ಲಿ ಪರೀಕ್ಷಿಸಿ, ಸ್ಟ್ರಾನ್ಷಿಯಂ ಮತ್ತು ಕ್ಯಾಲ್ಸಿಯಂನ ಅನುಪಾತದಲ್ಲಿ ಹಗಲು-ರಾತ್ರಿಯ ಏರಿಳಿತವನ್ನೇ ಓದಿದರು. 2012ರಲ್ಲಿ ಅದು ಪ್ರಕಟವಾಯಿತು. ಪಾಪುವಾ ನ್ಯೂಗಿನಿಯ ಹ್ಯೂಯಾನ್ ಪರ್ಯಾಯದ್ವೀಪದಲ್ಲಿ ಭೂಮಿ ಮೇಲೆದ್ದು ಒಣನೆಲಕ್ಕೆ ಬಂದ ಹಳೆಯ ಚಿಪ್ಪುಗಳಿಂದ ಸಾವಿರಾರು ವರ್ಷ ಹಿಂದಿನ ಎಲ್ ನಿನೊ ವರ್ಷಗಳನ್ನು ಗುರುತಿಸುವ ಕೆಲಸವೂ ನಡೆದಿದೆ.

ಬೆಳೆಯುವುದೇನೋ ಒಂಟಿಯಾಗಿ ಆಗುವ ಕೆಲಸ. ಬಿಸಿಲು, ತಿಳಿನೀರು, ಕೂರಲು ಒಂದು ಕಲ್ಲು ಇದ್ದರೆ ಸಾಕು, ನೆರೆಹೊರೆ ಬೇಕಿಲ್ಲ. ಸಂತಾನದ ಮಾತು ಹಾಗಲ್ಲ.

ಎಲ್ಲ ಮರಿಗಳೂ ಮೊದಲು ಗಂಡಾಗಿ ಬಲಿಯುತ್ತವೆ. ಮ್ಯಾಕ್ಸಿಮಾ ಐದಾರು ಸೆಂಟಿಮೀಟರ್ ಆಗುವಾಗ ವೀರ್ಯ ಬಿಡಬಲ್ಲದು. ಇನ್ನೂ ಬೆಳೆದು ಸುಮಾರು ಹತ್ತು ಸೆಂಟಿಮೀಟರಿನ ಆಸುಪಾಸಿಗೆ ಬಂದಾಗ ಅದರೊಳಗೇ ಅಂಡವೂ ಕಟ್ಟುತ್ತದೆ. ಅಲ್ಲಿಂದ ಮುಂದೆ ಅದು ಗಂಡೂ ಹೌದು, ಹೆಣ್ಣೂ ಹೌದು. ಗೈಗಾಸ್‌ಗೆ ಹೆಣ್ತನ ಬರಲು ಹತ್ತು ವರ್ಷದ ಹತ್ತಿರ ಬೇಕು. ಅಂದರೆ ದಿಬ್ಬದ ಮೇಲೆ ದೊಡ್ಡದಾಗಿ ಕಾಣುವವೆಲ್ಲ ತಾಯಂದಿರು. ಮಾಂಸಕ್ಕಾಗಿ ಹೋದವನ ಕೈ ಮೊದಲು ಹೋಗುವುದೂ ಅವುಗಳ ಮೇಲೇ. ಫ್ರೆಂಚ್ ಪಾಲಿನೇಷ್ಯಾದಲ್ಲಿ ಹನ್ನೆರಡು ಸೆಂಟಿಮೀಟರಿಗಿಂತ ಚಿಕ್ಕದನ್ನು ತೆಗೆಯಬಾರದೆಂಬ ನಿಯಮವಿದೆ. ಒಂದೆರಡು ಸಲವಾದರೂ ಹೆತ್ತ ಮೇಲೆ ಹಿಡಿಯಲಿ ಎಂಬ ಲೆಕ್ಕ ಸರಿಯೇ, ಆದರೆ ಹೆಚ್ಚು ಮೊಟ್ಟೆ ಇಡುವ ದೊಡ್ಡವನ್ನು ಆ ನಿಯಮ ಕಾಯುವುದಿಲ್ಲ.

ಬೆದೆಯ ಹೊತ್ತು ಬಂದಾಗ ನಡೆಯುವುದು ಹೀಗೆ. ಅಗಲವಾಗಿ ತೆರೆದು ಕೂತ ಚಿಪ್ಪು ಒಮ್ಮೆಲೇ ಬಿಗಿದುಕೊಳ್ಳುತ್ತದೆ. ಹೊದಿಕೆಯ ನಡುವೆ ಚಿಮಣಿಯಂತೆ ಎದ್ದ ರಂಧ್ರದಿಂದ ನೀರು ಚಿಮ್ಮುತ್ತದೆ, ನೀರಿನ ಜೊತೆ ಹಾಲುಬಿಳುಪಿನ ಮೋಡ. ಅದು ವೀರ್ಯ. ಮತ್ತೆ ತೆರೆದು, ನೀರೆಳೆದು, ಮತ್ತೆ ಬಿಗಿತ, ಮತ್ತೆ ಮೋಡ. ಹೀಗೆ ಅರ್ಧ ಗಂಟೆಯೋ ಅದಕ್ಕೂ ಹೆಚ್ಚೋ ನಡೆದು ನಿಲ್ಲುತ್ತದೆ. ಬಿಡುವಿನ ನಂತರ ಅದೇ ರಂಧ್ರದಿಂದ ಈ ಸಲ ಬರುವುದು ರವೆಯಂತೆ ಕಾಳುಕಾಳಾದದ್ದು: ಮೊಟ್ಟೆ. ಒಂದೊಂದೂ ಮಿಲಿಮೀಟರಿನ ಹತ್ತನೇ ಒಂದು ಭಾಗದಷ್ಟು. ತನ್ನ ವೀರ್ಯ ತನ್ನ ಮೊಟ್ಟೆಗೆ ತಾಗದಿರಲಿ ಎಂದೇ ನಡುವಿನ ಈ ಬಿಡುವು. ಮೊದಲ ಮೋಡವನ್ನು ಅಷ್ಟರಲ್ಲಿ ನೀರು ಕೊಂಡೊಯ್ದಿರಬೇಕು. ಮೊಟ್ಟೆಯ ಜೊತೆ ಒಂದು ರಾಸಾಯನಿಕವೂ ನೀರಿಗೆ ಸೇರುತ್ತದೆ. ಹರಿವಿನ ಕೆಳಗಿರುವ ಚಿಪ್ಪು ಅದನ್ನು ಒಳಗೆಳೆದುಕೊಂಡದ್ದೇ ತಡ, ತಾನೂ ವೀರ್ಯ ಬಿಡಲು ತೊಡಗುತ್ತದೆ. ಒಂದರಿಂದ ಇನ್ನೊಂದಕ್ಕೆ ಸುದ್ದಿ ಹೋಗುತ್ತದೆ. ದೊಡ್ಡ ಗೈಗಾಸ್ ಒಂದೇ ಸಲಕ್ಕೆ ಐವತ್ತು ಕೋಟಿ ಮೊಟ್ಟೆ ಬಿಡಬಲ್ಲದು.

ಸುದ್ದಿ ತಲುಪುವಷ್ಟು ಹತ್ತಿರದಲ್ಲಿ ಇನ್ನೊಂದು ಇಲ್ಲದಿದ್ದರೆ? ಆ ಐವತ್ತು ಕೋಟಿಯೂ ಮೀನಿನ ಪಾಲು. ಸಂಶೋಧಕ ರಿಚರ್ಡ್ ಬ್ರೇಲಿ ಗ್ರೇಟ್ ಬ್ಯಾರಿಯರ್ ರೀಫ್‌ನಲ್ಲಿ ಗೈಗಾಸ್‌ಗಳು ಬೆದೆಗೆ ಬಂದುದನ್ನು ಕಾದು ನೋಡಿ 1984ರಲ್ಲಿ ವರದಿ ಮಾಡಿದರು. ಒಟ್ಟೊಟ್ಟಿಗೆ ಬೀಜ ಬಿಟ್ಟ ನೆರೆಯವುಗಳಲ್ಲಿ ನೂರಕ್ಕೆ ಎಪ್ಪತ್ತರಷ್ಟು ಪರಸ್ಪರ ಒಂಬತ್ತು ಮೀಟರಿನೊಳಗಿದ್ದವು. ಒಂಬತ್ತು ಮೀಟರ್ ಎಂದರೆ ಎರಡು ಕೋಣೆಯ ಉದ್ದ. ಇಪ್ಪತ್ತು ಮೂವತ್ತು ಮೀಟರ್ ದೂರದವುಗಳಲ್ಲಿ ಇಂಥ ಜೊತೆ ತೀರ ಕಡಿಮೆ. ಹಾಗಾಗಿ ಒಂದು ದಿಬ್ಬದಲ್ಲಿ ನೂರು ಚಿಪ್ಪು ಇದೆ ಎಂದ ಮಾತ್ರಕ್ಕೆ ಅಲ್ಲಿ ಸಂತಾನ ನಡೆಯುತ್ತಿದೆ ಎನ್ನಲಾಗದು. ನೂರೂ ಒಂದೊಂದು ಮೂಲೆಯಲ್ಲಿದ್ದರೆ ಅವು ಬದುಕಿರುತ್ತವೆ, ಬೆಳೆಯುತ್ತವೆ, ಚಿಪ್ಪಿನಲ್ಲಿ ವರ್ಷ ವರ್ಷ ಗೆರೆ ಎಳೆಯುತ್ತವೆ, ಎಣಿಕೆಗೆ ಹೋದವರ ಪಟ್ಟಿಯಲ್ಲೂ ಬರುತ್ತವೆ. ಕೂಗಳತೆಯಲ್ಲಿ ಇನ್ನೊಂದಿಲ್ಲದೆ ವಂಶ ಅಲ್ಲಿಗೇ ಮುಗಿದಿರುತ್ತದೆ, ಅಷ್ಟೆ. ಇಂಥ ದಿಬ್ಬ ಬರಿದಾದದ್ದು ಲೆಕ್ಕಕ್ಕೆ ಸಿಗುವುದು ದಶಕಗಳ ನಂತರ, ಮುದಿ ಚಿಪ್ಪುಗಳು ಸಾಯತೊಡಗಿದಾಗ.

ಕೂಡಿದ ಮೊಟ್ಟೆಯ ಪಾಡೂ ಸುಲಭದ್ದಲ್ಲ. ಒಂದು ದಿನದೊಳಗೆ ಅದು ಈಜುವ ಲಾರ್ವಾ ಆಗುತ್ತದೆ, ಎರಡನೇ ದಿನಕ್ಕೆ ಕಣ್ಣಿಗೆ ಕಾಣದಷ್ಟು ಸಣ್ಣ ಎರಡು ಚಿಪ್ಪು ಬಂದಿರುತ್ತವೆ, ವಾರ ಕಳೆಯುವಾಗ ಕಾಲು ಮೂಡಿ ನೆಲ ಹುಡುಕುತ್ತದೆ. ತಾಯಿ ಪಾಚಿಯನ್ನು ಕೊಟ್ಟು ಕಳಿಸುವುದಿಲ್ಲ. ಮೊಟ್ಟೆ ಪಾಚಿಯಿಲ್ಲದೆ ಹುಟ್ಟುತ್ತದೆ. ಲಾರ್ವಾ ನೀರಿನಲ್ಲಿ ಸಿಕ್ಕ ಪಾಚಿಯನ್ನು ನುಂಗಿ, ಜೀರ್ಣಿಸದೆ ಹೊಟ್ಟೆಯಲ್ಲಿ ಉಳಿಸಿಕೊಂಡು, ರೂಪ ಬದಲಾದ ಮೇಲೆ ಕೊಳವೆಗಳಿಗೆ ಏರಿಸಬೇಕು. ಪ್ರತಿ ತಲೆಮಾರೂ ಸಾಕಣೆಯನ್ನು ಹೊಸದಾಗಿ ಶುರುಮಾಡುತ್ತದೆ.

ಇಷ್ಟು ಸೂಕ್ಷ್ಮವಾದ ಏರ್ಪಾಡನ್ನು ಕೆಡಿಸಲು ಬಹಳ ಶ್ರಮ ಬೇಕಾಗಲಿಲ್ಲ. 1960ರ ನಂತರ ತೈವಾನಿನ ದೋಣಿಗಳು ಪೆಸಿಫಿಕ್‌ನ ದಿಬ್ಬ ದಿಬ್ಬ ಸುತ್ತಿ, ಚಿಪ್ಪು ಮುಚ್ಚುವ ಒಂದು ಸ್ನಾಯುವನ್ನಷ್ಟೇ ಕತ್ತರಿಸಿಕೊಂಡು ಉಳಿದದ್ದನ್ನು ಅಲ್ಲೇ ಬಿಟ್ಟುಹೋದವು. ಅದಾದ ಮೇಲೆ ಚೀನಾದ ಹೈನಾನ್‌ನಲ್ಲಿ ಚಿಪ್ಪಿನ ಕೆತ್ತನೆಗೆ ಬೆಲೆ ಬಂತು. ಹೂತುಹೋದ ಹಳೆಯ ಚಿಪ್ಪುಗಳನ್ನು ಎತ್ತಲು ದೋಣಿಯ ಪ್ರೊಪೆಲ್ಲರಿನಿಂದಲೇ ದಿಬ್ಬಗಳನ್ನು ಕೊರೆದರು. 2017ರ ಆರಂಭದಲ್ಲಿ ಹೈನಾನ್ ಈ ವ್ಯಾಪಾರವನ್ನು ನಿಷೇಧಿಸಿತು. 2021ರ ಏಪ್ರಿಲ್‌ನಲ್ಲಿ ಫಿಲಿಪ್ಪೀನ್ಸಿನ ಪಲವಾನ್ ಬಳಿಯ ಒಂದು ಪುಟ್ಟ ದ್ವೀಪದಲ್ಲಿ ಸುಮಾರು 200 ಟನ್ ಚಿಪ್ಪು ಸಿಕ್ಕಿಬಿತ್ತು. ಗೈಗಾಸ್ ಈಗ ಅಳಿವಿನಂಚಿನ ಪಟ್ಟಿಯ ಅತ್ಯಂತ ಗಂಭೀರ ವರ್ಗದಲ್ಲಿದೆ.

ಮರಳಿ ತರುವ ಪ್ರಯತ್ನ ಶುರುವಾದದ್ದು ಪಲಾವ್‌ನಲ್ಲಿ. 1980ರ ದಶಕದ ಆರಂಭದಲ್ಲಿ ಜೆರಾಲ್ಡ್ ಹೆಸ್ಲಿಂಗಾ ಮತ್ತು ಸಂಗಡಿಗರು ಅಲ್ಲಿಯ ಕೇಂದ್ರದಲ್ಲಿ ಇದೇ ಕುಲದ ಟ್ರಿಡಾಕ್ನಾ ಡೆರಾಸಾ ಎಂಬ ಜಾತಿಯ ಮರಿಗಳನ್ನು ದೊಡ್ಡ ಪ್ರಮಾಣದಲ್ಲಿ ಬೆಳೆಸಿ ತೋರಿಸಿದರು. ಅಲ್ಲಿಂದ ಮರಿಗಳು ಹಲವು ದ್ವೀಪದೇಶಗಳಿಗೆ ಹೋದವು. ಸೆರೊಟೊನಿನ್ ಎಂಬ ರಾಸಾಯನಿಕ ಚುಚ್ಚಿದರೆ ಚಿಪ್ಪು ನಿಮಿಷಗಳಲ್ಲೇ ವೀರ್ಯ ಬಿಡುತ್ತದೆ ಎಂದು ಅದೇ ಬ್ರೇಲಿ 1985ರಲ್ಲಿ ತೋರಿಸಿದ್ದರು. ತೊಟ್ಟಿಯಲ್ಲಿ ಕೆಲಸ ಕೈಯಳತೆಯದು. ಒಂದರ ಮೊಟ್ಟೆ ಒಂದು ಬಕೆಟ್ಟಿಗೆ, ಇನ್ನೊಂದರ ವೀರ್ಯ ಇನ್ನೊಂದಕ್ಕೆ, ಅಳತೆ ನೋಡಿ ಬೆರೆಸಬೇಕು. ಲಾರ್ವಾ ಕೆಲವು ದಿನದ್ದಾದಾಗ ದೊಡ್ಡ ಚಿಪ್ಪಿನ ಹೊದಿಕೆಯಿಂದ ಒಂದು ತುಂಡು ಕತ್ತರಿಸಿ, ಅರೆದು, ಸೋಸಿ ತೆಗೆದ ಪಾಚಿಯನ್ನು ತೊಟ್ಟಿಗೆ ಸುರಿಯಬೇಕು. ಇಷ್ಟೆಲ್ಲ ಮಾಡಿದರೂ ನೂರು ಮೊಟ್ಟೆಗೆ ಒಂದು ಮರಿಯೂ ಉಳಿಯುವುದಿಲ್ಲ. ಉಳಿದವನ್ನು ಸಮುದ್ರಕ್ಕೆ ಇಳಿಸಿದ ಮೇಲೂ ಪಂಜರ ಬೇಕು. ಏಡಿ, ಅಷ್ಟಪದಿ, ಕಲ್ಲು ಜಗಿಯುವ ಮೀನು ಹೊರಗೆ ಕಾದಿರುತ್ತವೆ. ಪಂಜರದ ಕಿಂಡಿಯಲ್ಲಿ ತಾವೂ ಲಾರ್ವಾ ಆಗಿ ತೂರಿ ಬಂದು ಒಳಗೇ ದೊಡ್ಡವಾಗುವ ಮಾಂಸಾಹಾರಿ ಶಂಖದ ಹುಳುಗಳು ಎಲ್ಲಕ್ಕಿಂತ ಕಾಟ. ಅವನ್ನು ಆಗಾಗ ಕೈಯಿಂದಲೇ ಆರಿಸಿ ತೆಗೆಯಬೇಕು.

ಫಿಲಿಪ್ಪೀನ್ಸಿನಲ್ಲಿ ಗೈಗಾಸ್ ಬಹುತೇಕ ಮುಗಿದೇಹೋಗಿತ್ತು. ಎಡ್ಗಾರ್ಡೊ ಗೋಮೆಜ್ ಮತ್ತು ಅವರ ಬಳಗ 1980ರ ದಶಕದಿಂದ ಹೊರದೇಶದ ತಳಿ ತಂದು, ಬೊಲಿನಾವ್‌ನ ಪ್ರಯೋಗಾಲಯದಲ್ಲಿ ಮರಿ ಮಾಡಿಸಿ, ದಿಬ್ಬಗಳಲ್ಲಿ ಗುಂಪುಗುಂಪಾಗಿ ನೆಟ್ಟರು. ಮೂರು ದಶಕದ ನಂತರ, 2017ರಲ್ಲಿ ಅಲ್ಲಿಯ ಸಂಶೋಧಕರು ಯಾರೂ ನೆಡದ ಎಳೆಯ ಗೈಗಾಸ್‌ಗಳನ್ನು ಕಂಡು ಬರೆದರು. ನೆಟ್ಟವು ಸಮುದ್ರದಲ್ಲೇ ತಾವಾಗಿ ಹೆತ್ತಿದ್ದವು. ಗೋಮೆಜ್ 2019ರಲ್ಲಿ ತೀರಿಕೊಂಡರು. ಫಲ ಕಣ್ಣಾರೆ ಕಂಡೇ ಹೋದರು.

ಇನ್ನೂ ಕಡಿಮೆ ಖರ್ಚಿನ ಉಪಾಯ ಟೊಂಗಾದ್ದು. ಅಲ್ಲಿಯ ವವಾವು ದ್ವೀಪಗಳಲ್ಲಿ 1980ರ ದಶಕದ ಕೊನೆಯಲ್ಲಿ ರಿಚರ್ಡ್ ಚೆಷರ್ ಎಂಬ ಜೀವಶಾಸ್ತ್ರಜ್ಞ ಹಳ್ಳಿಯವರನ್ನು ಒಪ್ಪಿಸಿ, ಅಲ್ಲಲ್ಲಿ ಒಂಟಿಯಾಗಿ ಬಿದ್ದಿದ್ದ ದೊಡ್ಡ ಚಿಪ್ಪುಗಳನ್ನು ಎತ್ತಿ ತಂದು ಊರಿನ ಎದುರಿನ ಆಳವಿಲ್ಲದ ನೀರಿನಲ್ಲಿ ವೃತ್ತಾಕಾರವಾಗಿ ಇಡಿಸಿದರು. ಬಂಧುಗಳನ್ನು ಒಂದೆಡೆ ಸೇರಿಸಿದ್ದು, ಅಷ್ಟೇ. ಮನೆಯ ಬಾಗಿಲಿನಿಂದಲೇ ಕಣ್ಣಿಗೆ ಬೀಳುವ ಜಾಗವಾದ್ದರಿಂದ ಕಳವಿಗೆ ಕಾವಲೂ ಆಯಿತು. ತೊಟ್ಟಿಯಿಲ್ಲ, ಚುಚ್ಚುಮದ್ದಿಲ್ಲ. ದೂರದ ಪ್ರಶ್ನೆಯನ್ನು ಇಷ್ಟು ನೇರವಾಗಿ ಹಿಡಿದ ಯೋಜನೆ ನನಗೆ ಬೇರೆ ಕಂಡಿಲ್ಲ.

ಹಾಗೆಂದು ಹತ್ತಿರ ಇದ್ದರೆ ಎಲ್ಲವೂ ಸಲೀಸು ಎಂದಲ್ಲ. ತಟಕೊಟೊದ ಸಾಂದ್ರತೆಗೆ ಕಾರಣ ಲಗೂನಿನ ಮುಚ್ಚಿದ ಬಾಯಿ. ಲಾರ್ವಾ ಹೊರಸಮುದ್ರಕ್ಕೆ ಕೊಚ್ಚಿಹೋಗದೆ ತಾಯಿಯ ಚಿಪ್ಪಿನ ಮೇಲೇ ಬಂದು ಕೂರುತ್ತಿತ್ತು. 2009ರಲ್ಲಿ ಅಲೆಗಳ ಅಬ್ಬರ ಬಹುಕಾಲ ತಗ್ಗಿತು. ದಿಬ್ಬ ಹಾರಿ ಹೊಸ ನೀರು ಬರಲಿಲ್ಲ, ನಿಂತ ನೀರು ಕಾಯಿತು. ಮೊದಲೇ ಒತ್ತೊತ್ತಾಗಿದ್ದ ಚಿಪ್ಪುಗಳಲ್ಲಿ ನೂರಕ್ಕೆ ಎಂಬತ್ತಕ್ಕೂ ಹೆಚ್ಚು ಸತ್ತವು. ಸಂರಕ್ಷಣೆಗೆಂದು 2004ರಲ್ಲೇ ಅಲ್ಲಿ ಒಂದು ಭಾಗದಲ್ಲಿ ಚಿಪ್ಪು ತೆಗೆಯುವುದನ್ನು ನಿಷೇಧಿಸಿದ್ದರು. ಸಾವು ಆ ಗಡಿಯನ್ನು ಲೆಕ್ಕಿಸಲಿಲ್ಲ.

ಲಕ್ಷದ್ವೀಪದಲ್ಲಿ ಕಾನೂನು ಬಲವಾಗಿಯೇ ಇದೆ. ಮ್ಯಾಕ್ಸಿಮಾ 2001ರಲ್ಲೇ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪರಿಶಿಷ್ಟಕ್ಕೆ ಸೇರಿತು; ಹುಲಿಗೆ ಇರುವ ರಕ್ಷಣೆಯೇ ಇದಕ್ಕೂ. ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ದೀಪಕ್ ಆಪ್ಟೆ ಮತ್ತು ತಂಡ ದ್ವೀಪದಿಂದ ದ್ವೀಪಕ್ಕೆ ಹೋಗಿ ಇವುಗಳ ಸಾಂದ್ರತೆ ಅಳೆದು 2010ರಲ್ಲಿ ಪ್ರಕಟಿಸಿದರು. ಹವಳದ ಮೇಲೆ ಮೈಸೂರಿನ ನೇಚರ್ ಕನ್ಸರ್ವೇಶನ್ ಫೌಂಡೇಶನ್ನಿನ ರೋಹನ್ ಆರ್ಥರ್ ಮತ್ತು ಸಂಗಡಿಗರು 1998ರಿಂದ ಕಣ್ಣಿಟ್ಟಿದ್ದಾರೆ. ಆ ವರ್ಷ, ಆಮೇಲೆ 2010, 2016, 2024ರಲ್ಲಿ ಸಮುದ್ರ ಕಾದು ಹವಳ ಬಿಳುಚಿತು. ನೀರು ಹೀಗೆ ಕಾದಾಗ ಹವಳದಂತೆಯೇ ಕಪ್ಪೆಚಿಪ್ಪೂ ತನ್ನ ಪಾಚಿಯನ್ನು ಹೊರಹಾಕುತ್ತದೆ. ಹೊದಿಕೆಯ ನಡುಭಾಗದಿಂದ ಬಣ್ಣ ಹೋಗುತ್ತದೆ. ಬೇಗ ತಣಿದರೆ ಚೇತರಿಕೆ ಉಂಟು, ತಡವಾದರೆ ಸಾವು. ಅಂಥ ಪ್ರತಿ ಬೇಸಿಗೆಯೂ ನೆರೆಯ ಮನೆಗಳಲ್ಲಿ ಕೆಲವನ್ನು ಖಾಲಿ ಮಾಡುತ್ತದೆ, ಉಳಿದವುಗಳ ನಡುವಿನ ದೂರ ಹೆಚ್ಚುತ್ತದೆ. ಕಾನೂನು ತಡೆಯಬಲ್ಲದ್ದು ಕೈಯನ್ನು, ಬಿಸಿಯನ್ನಲ್ಲ.

ಟೊಂಗಾದವರಂತೆ ಎತ್ತಿ ತಂದು ವೃತ್ತ ಕಟ್ಟೋಣ ಎಂದರೆ ಇಲ್ಲಿ ಆಗದ ಮಾತು. ಅಲ್ಲಿ ಕೂಡಿಸಿದ್ದು ಮರಳಿನ ಮೇಲೆ ಬಿಡಿಯಾಗಿ ಕೂರುವ ಜಾತಿಗಳನ್ನು. ಮ್ಯಾಕ್ಸಿಮಾ ಕಲ್ಲಿನಲ್ಲಿ ಹುದುಗಿದೆ. ತೆಗೆಯಬೇಕಾದರೆ ಹವಳದ ಕಲ್ಲು ಒಡೆಯಬೇಕು, ಬುಡದ ಎಳೆಗಳನ್ನು ಕಿತ್ತರೆ ಬದುಕುವ ಭರವಸೆಯೂ ಕಡಿಮೆ. ಉಳಿಯುವ ದಾರಿ, ತೊಟ್ಟಿಯಲ್ಲಿ ಹುಟ್ಟಿಸಿದ ಮರಿಗಳನ್ನು ಒಂಟಿ ಚಿಪ್ಪುಗಳ ನಡುವಿನ ಖಾಲಿಯಲ್ಲಿ, ಹತ್ತು ಮೀಟರಿನೊಳಗೆ ಒಂದಿರುವಂತೆ ಕೂರಿಸುವುದು. ಮೊದಲು ಸಮೀಕ್ಷೆಯ ಹಾಳೆಯಲ್ಲಿ ಉದ್ದ, ಆಳ, ಸಂಖ್ಯೆಯ ಪಕ್ಕಕ್ಕೆ ಅತಿ ಹತ್ತಿರದ ಇನ್ನೊಂದು ಎಷ್ಟು ಮೀಟರ್ ಎಂಬ ಕಾಲಂ ಬರಲಿ. ಮೊದಲ ಪರಿಶಿಷ್ಟದ ಪ್ರಾಣಿಯನ್ನು ಮುಟ್ಟಲು ಮುಖ್ಯ ವನ್ಯಜೀವಿ ಪರಿಪಾಲಕರ ಅನುಮತಿ ಬೇಕು, ಅದಕ್ಕೆ ಅರ್ಜಿ. ಆಮೇಲೆ ಪಂಜರಕ್ಕೆ ಇಳಿದು ಶಂಖದ ಹುಳು ಆರಿಸುವ ದ್ವೀಪದ ಹುಡುಗರಿಗೆ, ಮರಿಗಳು ಮೊಟ್ಟೆ ಇಡುವ ವಯಸ್ಸಿಗೆ ಬರುವವರೆಗೂ ನಿಲ್ಲದ ಸಂಬಳ. ಮೂರು ವರ್ಷಕ್ಕೊಂದು ಯೋಜನೆ ಮುಗಿಸಿ ವರದಿ ಒಪ್ಪಿಸುವ ನಮ್ಮ ಪದ್ಧತಿಗೆ ಒಗ್ಗದಿರುವುದು ಈ ಕೊನೆಯದೇ.